ಓಟ್ ಬ್ಯಾಂಕಿನ ಮಾಸ್ತರರು

ಪಂಚಾಯ್ತಿ ಚುನಾವಣೆ ಬಂತೆಂದರೆ ಸಾಕು, ಬೆಳಕೆಯ ಚಾ ಅಂಗಡಿಯಲ್ಲೂ ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲೂ ಒಂದು ಮಾತು ಕಿವಿಗೆ ಬೀಳದೆ ಇರದು: ಓಟ್ ಬ್ಯಾಂಕ್. ಇದು ಪುಢಾರಿಗಳು ಹುಟ್ಟಿಸಿದ ಮಾತಲ್ಲ. ಮೈಸೂರಿನ ಮಾಸ್ತರರೊಬ್ಬರು 1955ರಲ್ಲಿ ಬರೆದ ಲೇಖನದಿಂದ ಹೊರಟಿದ್ದು. ಹೆಸರು ಎಂ.ಎನ್. ಶ್ರೀನಿವಾಸ್.

ಹುಟ್ಟಿದ್ದು 1916ರಲ್ಲಿ. ಮಹಾರಾಜಾ ಕಾಲೇಜು, ಮುಂಬಯಿಯಲ್ಲಿ ಘುರ್ಯೆಯವರ ಕೈಕೆಳಗೆ ಓದು, ಆಮೇಲೆ ಆಕ್ಸ್‌ಫರ್ಡ್. ಅಲ್ಲೇ ಕುರ್ಚಿ ಹಿಡಿದು ಕೂತಿದ್ದರೆ ಕೇಳುವವರಿರಲಿಲ್ಲ. 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಗೆ ಬಂದು, ಪಟೇಲರ ಎತ್ತು ಕಟ್ಟುವ ಮನೆಯಲ್ಲಿ ಬಿಡಾರ ಹೂಡಿದರು. ಬರೆಯುವಾಗ ಆ ಊರಿಗೆ ರಾಮಪುರ ಅಂತ ಬೇರೆ ಹೆಸರಿಟ್ಟರು.

ಅಲ್ಲಿ ನೋಡಿದ್ದೇನು? ಜಗಳ ಯಾರ ಜಗುಲಿಗೆ ಹೋಗ್ತದೆ, ಸಾಲ ಯಾರು ಕೊಡ್ತಾರೆ, ಗೇಣಿ ಗದ್ದೆ ಯಾರದು. ಭೂಮಿಯೂ ಜನಬಲವೂ ಇದ್ದ ಒಕ್ಕಲಿಗ ಹಿರಿಯರ ಮಾತು ಬೇರೆ ಜಾತಿಯವರ ವ್ಯಾಜ್ಯದಲ್ಲೂ ನಡೆಯುತ್ತಿತ್ತು. ಪ್ರಬಲ ಜಾತಿ ಎಂಬ ಮಾತು ಬಂದದ್ದು ಹಾಗೆ. ಗೇಣಿದಾರ, ಸಾಲಗಾರ, ಕೂಲಿಯವನು, ಹೀಗೆ ಹಂಗಿಗೆ ಬಿದ್ದವನ ಓಟು ಒಡೆಯನ ಕಿಸೆಯಲ್ಲಿ. ಅಭ್ಯರ್ಥಿ ಮನೆಮನೆ ತಿರುಗುವ ಗೋಜೇ ಇಲ್ಲ, ಒಡೆಯನೊಬ್ಬನನ್ನು ಹಿಡಿದರಾಯ್ತು. ಆ ಒಡೆಯನ ಹಿಡಿತಕ್ಕೆ ಮಾಸ್ತರರು ಇಟ್ಟ ಹೆಸರೇ ಓಟ್ ಬ್ಯಾಂಕ್. 1974ರ ಭೂಸುಧಾರಣೆಗೆ ಮುಂಚಿನ ಗೇಣಿ ಕಂಡ ಕರಾವಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಒಡೆಯನನ್ನು ಬಿಟ್ಟು ಇಡೀ ಜಾತಿಗೆ, ಧರ್ಮಕ್ಕೆ ಆ ಚೀಟಿ ಅಂಟಿಸ್ತಾರೆ. ಮಾಸ್ತರರ ಲೆಕ್ಕದಲ್ಲಿ ಬಡವನಿಗೆ ಬ್ಯಾಂಕಿರಲಿಲ್ಲ, ಹಂಗು ಮಾತ್ರ ಇತ್ತು.

1951ರಲ್ಲಿ ಬರೋಡಾದಲ್ಲಿ, 1959ರಲ್ಲಿ ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಪೆಟ್ಟು ಬಿದ್ದದ್ದು 1970ರ ಏಪ್ರಿಲ್‌ನಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಾಮಪುರದ ಪುಸ್ತಕಕ್ಕೆ ಕೂತಿದ್ದಾಗ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಅವರ ಕೋಣೆ ಸಿಕ್ಕಿತು. 18 ವರ್ಷ ಕೂತು ತಿದ್ದಿ ಜೋಡಿಸಿದ ಟಿಪ್ಪಣಿಗಳ ಮೂರೂ ಪ್ರತಿ ಬೂದಿ. ಅಂಗಡಿಯ ಖಾತೆ ಪುಸ್ತಕವೆಲ್ಲ ಒಂದೇ ದಿನ ಸುಟ್ಟರೆ ಸಾಹುಕಾರನ ಗತಿ ಏನು! ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಇವರು ನೆನಪಿನಿಂದಲೇ ಪಟೇಲರನ್ನು, ಗದ್ದೆಗಳನ್ನು, ಜಗಳಗಳನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಪುಸ್ತಕ 1976ರಲ್ಲಿ ಹೊರಬಂತು. ಹೆಸರೇ ನೆನಪಿನ ಹಳ್ಳಿ ಎಂಬರ್ಥದ್ದು.

ಅಷ್ಟರಲ್ಲಿ ನಾಡಿಗೆ ಮರಳಿಯಾಗಿತ್ತು. ಬೆಂಗಳೂರಿನಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಗೆ ಕೈಜೋಡಿಸಿದ್ದರು. ಅದೇ ಊರಿನಲ್ಲಿ 1999ರ ನವೆಂಬರ್ 30ರಂದು ತೀರಿಕೊಂಡರು. ಆ ವರ್ಷದ ಲೋಕಸಭೆ, ವಿಧಾನಸಭೆ ಚುನಾವಣೆಗಳು ಮುಗಿದು ಎರಡು ತಿಂಗಳೂ ಆಗಿರಲಿಲ್ಲ.