ಲಾಡಿಹುಳುವಿನ ಎರಡು ಮನೆಗಳು: ವೈದ್ಯ ಕ್ಯೂಖೆನ್‌ಮೈಸ್ಟರನ ಜೀವನ

ವಿಜ್ಞಾನಿಗಳ ಜೀವನಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ನ್ಯೂಟನ್, ಡಾರ್ವಿನ್, ಪಾಶ್ಚರ್ ಮೊದಲಾದವರು ಬಂದು ನಿಲ್ಲುತ್ತಾರೆ. ಕರುಳಿನ ಹುಳುವಿನ ಬೆನ್ನು ಹತ್ತಿದವನ ಹೆಸರನ್ನು ಕೇಳುವವರು ಕಡಿಮೆ. ಆದರೆ ಪರೋಪಜೀವಿಶಾಸ್ತ್ರದ ಪುಟಗಳನ್ನು ತಿರುವಿದವರಿಗೆಲ್ಲ ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್ ಚಿರಪರಿಚಿತ. ಆ ಹೆಸರು ಕಂಡೊಡನೆ ಮೆಚ್ಚಿಗೆಯೂ ಹೇಸಿಗೆಯೂ ಒಟ್ಟಿಗೇ ಹುಟ್ಟುವುದುಂಟು. ಜರ್ಮನ್ ಭಾಷೆಯಲ್ಲಿ ಆ ಮನೆತನದ ಹೆಸರಿಗೆ ಅಡುಗೆಮನೆಯ ಯಜಮಾನ ಎಂದರ್ಥ. ಈತ ಯಾರಿಗೆ ಏನನ್ನು ಉಣಬಡಿಸಿದನೆಂಬುದನ್ನು ಮುಂದೆ ಓದಿದಾಗ ವಾಚಕರಿಗೆ ಈ ಹೆಸರಿನ ವಿಪರ್ಯಾಸ ಹೊಳೆಯದೆ ಇರದು.

ಈತ ಹುಟ್ಟಿದ್ದು 1821ರಲ್ಲಿ, ಸ್ಯಾಕ್ಸನಿಯ ಬುಖ್‌ಹೈಮ್ ಎಂಬ ಹಳ್ಳಿಯಲ್ಲಿ. ಲೈಪ್‌ಜಿಗ್ ಮತ್ತು ಪ್ರಾಗ್ ನಗರಗಳಲ್ಲಿ ವೈದ್ಯಶಾಸ್ತ್ರವನ್ನು ಓದಿ ಜಿಟ್ಟಾವು ಎಂಬ ಸಣ್ಣ ಊರಿನಲ್ಲಿ ವೃತ್ತಿ ಆರಂಭಿಸಿದ. ವಿಶ್ವವಿದ್ಯಾನಿಲಯದ ಪೀಠವಿಲ್ಲ, ದೊಡ್ಡ ಪ್ರಯೋಗಶಾಲೆಯಿಲ್ಲ. ಹಗಲು ರೋಗಿಗಳು, ಉಳಿದ ಹೊತ್ತೆಲ್ಲ ಹುಳುಗಳು.

ಆ ಕಾಲದ ತೊಡಕು ಏನೆಂಬುದನ್ನು ಮೊದಲು ತಿಳಿಯಬೇಕು. ಲಾಡಿಯಂತೆ ಚಪ್ಪಟೆಯಾಗಿ, ಗೇಣುಗಟ್ಟಲೆ ಉದ್ದವಾಗಿ ಮನುಷ್ಯನ ಕರುಳಿನಲ್ಲಿ ಬೆಳೆಯುವ ಹುಳುವನ್ನು ಜನ ಪುರಾತನ ಕಾಲದಿಂದ ಬಲ್ಲರು. ಹಂದಿಯ ಮಾಂಸದಲ್ಲಿ ಕಾಣುವ ಬಿಳಿಯ ನೀರುಗುಳ್ಳೆಗಳೂ ಹೊಸವಲ್ಲ. ಅರಿಸ್ಟಾಟಲನೇ ಅವನ್ನು ವರ್ಣಿಸಿದ್ದಾನೆ. ಆದರೆ ಇವೆರಡಕ್ಕೂ ನಂಟಿದೆಯೆಂದು ಯಾರಿಗೂ ಖಚಿತವಿರಲಿಲ್ಲ. ಗುಳ್ಳೆಯೊಳಗಿನ ಪುಟ್ಟ ತಲೆಗೂ ಲಾಡಿಹುಳುವಿನ ತಲೆಗೂ ಇರುವ ಹೋಲಿಕೆಯನ್ನು ಹದಿನೆಂಟನೆಯ ಶತಮಾನದಲ್ಲೇ ಕೆಲವರು ಗುರುತಿಸಿದ್ದರು. ಹಾಗಿದ್ದರೂ ಹುಳು ಕರುಳಿನಲ್ಲಿ ತಾನೇ ತಾನಾಗಿ ಹುಟ್ಟುತ್ತದೆಯೆಂದು ನಂಬಿದ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇದ್ದರು. ಹೆಸರಾಂತ ಪ್ರಾಣಿಶಾಸ್ತ್ರಜ್ಞ ಫಾನ್ ಸೀಬೋಲ್ಡನ ಮತವೇ ಬೇರೆ: ದಾರಿ ತಪ್ಪಿ ಮಾಂಸಖಂಡವನ್ನು ಸೇರಿದ ಲಾಡಿಹುಳುವೇ ನೀರು ತುಂಬಿ ಊದಿಕೊಂಡು ಗುಳ್ಳೆಯಾಗುತ್ತದೆ, ಅದೊಂದು ರೋಗಗ್ರಸ್ತ ಸ್ಥಿತಿ ಎಂದು.

ಕ್ಯೂಖೆನ್‌ಮೈಸ್ಟರನಿಗೆ ಇದು ಒಪ್ಪಿಗೆಯಾಗಲಿಲ್ಲ. ಸೃಷ್ಟಿಯಲ್ಲಿ ಉದ್ದೇಶವಿಲ್ಲದ್ದು ಯಾವುದೂ ಇಲ್ಲವೆಂದು ದೃಢವಾಗಿ ನಂಬಿದವನು ಆತ. ಲಕ್ಷಾಂತರ ಜೀವಿಗಳು ಸುಮ್ಮನೆ ದಾರಿ ತಪ್ಪುತ್ತವೆಯೆಂದರೆ ಅವನ ಮನಸ್ಸು ಹೇಗೆ ಒಪ್ಪೀತು? ಗುಳ್ಳೆಯು ರೋಗವಲ್ಲ, ಅದೊಂದು ಮೆಟ್ಟಿಲು ಎಂದು ಊಹಿಸಿದ. ನಂಬಿಕೆಯಿಂದ ಹೊರಟರೂ ಪ್ರಮಾಣಕ್ಕೆ ಮಾತ್ರ ಪ್ರಯೋಗವನ್ನೇ ಹಿಡಿದನೆಂಬುದು ಆತನ ಹಿರಿಮೆ. 1852ರ ಸುಮಾರಿಗೆ ಮೊಲದ ದೇಹದ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿದ. ಅವುಗಳ ಕರುಳಿನಲ್ಲಿ ಲಾಡಿಹುಳುಗಳು ಬೆಳೆದವು. ಅನಂತರ ಕುರಿಗಳ ಕಡೆ ತಿರುಗಿದ. ಕುರಿಯ ಮಿದುಳಿನಲ್ಲಿ ಗುಳ್ಳೆ ಬೆಳೆದು, ಪ್ರಾಣಿಯು ನಿಂತಲ್ಲೇ ಗಿರಗಿರನೆ ಸುತ್ತಿ ಸಾಯುವ ರೋಗವೊಂದುಂಟು. ನಾಯಿಯ ಹುಳುವಿನ ಮೊಟ್ಟೆಗಳನ್ನು ಕುರಿಗೆ ತಿನ್ನಿಸಿ ಅದೇ ರೋಗವನ್ನು ಬರಿಸಿ ತೋರಿಸಿದ. ಹುಳುವಿಗೆ ಎರಡು ಮನೆಗಳಿವೆ. ಒಂದರಲ್ಲಿ ಗುಳ್ಳೆಯಾಗಿ, ಇನ್ನೊಂದರಲ್ಲಿ ಲಾಡಿಯಾಗಿ ಬಾಳುತ್ತದೆ ಎಂಬುದು ಹೀಗೆ ಸ್ಪಷ್ಟವಾಯಿತು. ಮನೆ ಕೊಟ್ಟ ಪ್ರಾಣಿಯನ್ನು ನಮ್ಮ ಪಠ್ಯಪುಸ್ತಕಗಳು ಆತಿಥೇಯ ಎಂದು ಕರೆಯುತ್ತವೆ. ಕರೆಯದೆ ಬಂದ ಇಂಥ ಅತಿಥಿಗೆ ಇಷ್ಟು ಮರ್ಯಾದೆಯ ಶಬ್ದ ಹೆಚ್ಚೇ ಆಯಿತು!

ಉಳಿದದ್ದು ಮನುಷ್ಯ. ಹಂದಿಯ ಗುಳ್ಳೆಯೇ ಮನುಷ್ಯನ ಹುಳುವಾಗುತ್ತದೆಯೆಂದು ಸಿದ್ಧಪಡಿಸಲು ಮನುಷ್ಯನ ಕರುಳೇ ಬೇಕು. ಇಲ್ಲಿ ಕ್ಯೂಖೆನ್‌ಮೈಸ್ಟರ್ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬರತ್ತ ತಿರುಗಿದ. ಶಿಕ್ಷೆಗೆ ಕೆಲವೇ ದಿನಗಳಿರುವಾಗ ಊಟದಲ್ಲಿ ಬೆರೆಸಿ ಗುಳ್ಳೆಗಳನ್ನು ತಿನ್ನಿಸಲಾಯಿತು. ಶಿಕ್ಷೆಯಾದ ಮೇಲೆ ಶವವನ್ನು ಪರೀಕ್ಷಿಸಿದಾಗ ಕರುಳಿಗೆ ಕಚ್ಚಿಕೊಂಡ ಎಳೆಯ ಹುಳುಗಳು ಸಿಕ್ಕವು. 1855ರಲ್ಲಿ ಇದನ್ನು ಪ್ರಕಟಿಸಿದ. ಆದರೆ ಕೆಲವು ದಿನಗಳಲ್ಲಿ ಹುಳು ಪೂರ್ತಿ ಬೆಳೆಯದು. ಸಂಶಯ ಪಡುವವರಿಗೆ ಎಡೆಯಿತ್ತು. ಕೆಲವು ವರ್ಷಗಳ ಮೇಲೆ ಇನ್ನೊಬ್ಬ ಕೈದಿಗೆ ತಿಂಗಳುಗಳ ಮುಂಚಿತವಾಗಿಯೇ ಎರಡು ಸಲ, ಒಟ್ಟು 40 ಗುಳ್ಳೆಗಳನ್ನು ತಿನ್ನಿಸಿದ. ಈ ಸಲ 19 ಹುಳುಗಳು ದೊರೆತವು, ಅವುಗಳಲ್ಲಿ ಹಲವು ಚೆನ್ನಾಗಿ ಬಲಿತಿದ್ದವು. ವಾದ ಮುಗಿಯಿತು.

ವಾದವೇನೋ ಮುಗಿಯಿತು, ಆದರೆ ಮನಸ್ಸಿನ ಕಸಿವಿಸಿ ಮುಗಿಯಲಿಲ್ಲ. ಸಾಯಲಿರುವವನ ತಟ್ಟೆಯಲ್ಲಿ ಹುಳು ಇಡುವುದು ವೈದ್ಯನ ಕೆಲಸವೇ ಎಂದು ಆಗಲೇ ಖಂಡಿಸಿದವರಿದ್ದರು. ಹೇಗೂ ಸಾಯುವವನಲ್ಲವೇ, ಅವನಿಗೇನು ನಷ್ಟ, ಸಾವಿರಾರು ಜನಕ್ಕೆ ಲಾಭವಾಯಿತಲ್ಲ ಎನ್ನುವವರೂ ಉಂಟು. ನನಗೆ ಈ ಲೆಕ್ಕ ಸರಿಯೆನಿಸದು. ನ್ಯಾಯಾಲಯ ಆ ಕೈದಿಯ ಪ್ರಾಣವನ್ನು ಮಾತ್ರ ಕೇಳಿತ್ತು, ಕರುಳನ್ನು ಕೇಳಿರಲಿಲ್ಲ. ಪ್ರಯೋಗಕ್ಕೆ ಒಳಗಾಗುವವನ ಒಪ್ಪಿಗೆ ಅತ್ಯಗತ್ಯವೆಂಬ ನ್ಯೂರೆಂಬರ್ಗ್ ನಿಯಮಾವಳಿ ಬಂದದ್ದು 1947ರಲ್ಲಿ. ಆದರೆ ಕೇಳಿ ಮಾಡಬೇಕೆಂಬ ಮಾತನ್ನು ತಿಳಿಯಲು ನಿಯಮಾವಳಿಯೇ ಬೇಕಾಗಿರಲಿಲ್ಲ. ಇಷ್ಟಾದರೂ ಆ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಮಾಂಸವನ್ನು ಪರೀಕ್ಷಿಸಬೇಕು, ಚೆನ್ನಾಗಿ ಬೇಯಿಸಬೇಕು ಎಂಬ ಕಟ್ಟಳೆಗೆ ಗಟ್ಟಿಯಾದ ಬುಡ ದೊರೆತದ್ದು ಆ ಕಾಲದ ಇಂಥ ಪ್ರಯೋಗಗಳಿಂದಲೇ.

ಇಲ್ಲಿ ನಮ್ಮವರ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಹಂದಿಮಾಂಸ ಮುಟ್ಟದವರಿಗೆ ಈ ಹುಳುವಿನ ಭಯವಿಲ್ಲವೆಂದು ಅನೇಕರ ಭಾವನೆ. ಗುಳ್ಳೆಯನ್ನು ತಿಂದವನಿಗೆ ಕರುಳಿನಲ್ಲಿ ಹುಳು ಬರುತ್ತದೆ, ನಿಜ. ಆದರೆ ಆ ಹುಳುವಿನ ಮೊಟ್ಟೆಗಳು ಮಲದೊಡನೆ ಹೊರಬಿದ್ದು, ತೊಳೆಯದ ಕೈಯಿಂದಲೋ ಹಸಿಯ ಸೊಪ್ಪಿನಿಂದಲೋ ನೀರಿನಿಂದಲೋ ಇನ್ನೊಬ್ಬನ ಹೊಟ್ಟೆ ಸೇರಿದರೆ, ಹಂದಿಯಲ್ಲಿ ಆಗುವಂತೆಯೇ ಅವನ ದೇಹದಲ್ಲಿ ಗುಳ್ಳೆಗಳೇಳುತ್ತವೆ. ಮಿದುಳಿನಲ್ಲಿ ಎದ್ದರೆ ಮೂರ್ಛೆರೋಗ. ಭಾರತದಲ್ಲಿ ಮೂರ್ಛೆರೋಗದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಶುದ್ಧ ಸಸ್ಯಾಹಾರಿಗಳಲ್ಲಿಯೂ ಇದನ್ನು ಕಂಡಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ರೋಗದ ಮೇಲೆ ಸಂಶೋಧನೆ ನಡೆಸಿದ್ದಾರೆ.

ಕ್ಯೂಖೆನ್‌ಮೈಸ್ಟರ್ 1859ರಲ್ಲಿ ಡ್ರೆಸ್ಡೆನ್ ನಗರಕ್ಕೆ ಬಂದು ನೆಲೆಸಿದ. ಮಾನವನ ಪರೋಪಜೀವಿಗಳನ್ನು ಕುರಿತ ಆತನ ದೊಡ್ಡ ಗ್ರಂಥ 1857ರಲ್ಲಿಯೇ ಇಂಗ್ಲಿಷಿಗೆ ಅನುವಾದವಾಗಿತ್ತು. ದನದ ಮಾಂಸದಿಂದ ಬರುವ ಲಾಡಿಹುಳು ಹಂದಿಯದಕ್ಕಿಂತ ಬೇರೆಯ ಜಾತಿಯೆಂದು ಸ್ಪಷ್ಟವಾಗಿ ಬಿಡಿಸಿ ಹೇಳಿದವನೂ ಈತನೇ. ಅದಕ್ಕೆ ಒಂದು ಹೆಸರನ್ನೂ ಇಟ್ಟ. ಆದರೆ 1782ರಲ್ಲಿ ಗೋಟ್ಸ ಎಂಬ ಪಾದ್ರಿ ಕೊಟ್ಟಿದ್ದ ಹೆಸರು ಹಳೆಯದಾದುದರಿಂದ, ಶಾಸ್ತ್ರದ ಕಟ್ಟಳೆಯಂತೆ ಅದೇ ಉಳಿಯಿತು. ಕಡೆಯ ವರ್ಷಗಳಲ್ಲಿ ಶವದಹನ ಪದ್ಧತಿಯನ್ನು ತನ್ನ ನಾಡಿನಲ್ಲಿ ಬಳಕೆಗೆ ತರಬೇಕೆಂದು ಹೋರಾಡಿ, 1890ರಲ್ಲಿ ತೀರಿಕೊಂಡ.