ಗೌಹರ್ ಜಾನ್

ಗೌಹರ್ ಜಾನ್ (26 ಜೂನ್ 1873 – 17 ಜನವರಿ 1930) ಹಿಂದುಸ್ತಾನಿ ಸಂಗೀತದ ಖ್ಯಾತ ಗಾಯಕಿ ಹಾಗೂ ನರ್ತಕಿ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದ 1902ರಲ್ಲಿಯೇ ಹಾಡಿ, ಮುದ್ರಿತ ಸಂಗೀತದ ಮೂಲಕ ದೇಶದಾದ್ಯಂತ ಮನೆಮಾತಾದ ಮೊದಲ ತಲೆಮಾರಿನ ಕಲಾವಿದರಲ್ಲಿ ಇವರು ಪ್ರಮುಖರು. ಕಛೇರಿಯಲ್ಲಿ ದೀರ್ಘಕಾಲ ವಿಸ್ತರಿಸಿ ಹಾಡುತ್ತಿದ್ದ ಖ್ಯಾಲ್, ಠುಮ್ರಿಗಳನ್ನು ಸುಮಾರು ಮೂರು ನಿಮಿಷಗಳ ತಟ್ಟೆಗೆ ಅಳವಡಿಸುವ ಕ್ರಮವನ್ನು ರೂಪಿಸಿದವರಲ್ಲಿ ಇವರ ಹೆಸರು ಅಗ್ರಗಣ್ಯವಾದುದು. ಮೈಸೂರು ಅರಮನೆಯ ಸಂಗೀತ ವಿದುಷಿಯಾಗಿ ನೇಮಕಗೊಂಡು, ಮೈಸೂರಿನಲ್ಲಿಯೇ ನಿಧನರಾದರು.

ಜನನ ಮತ್ತು ಬಾಲ್ಯ

ಗೌಹರ್ ಜಾನ್ ಅವರು ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಜನಿಸಿದರು. ಜನ್ಮನಾಮ ಏಂಜಲೀನಾ ಯೋವರ್ಡ್. ತಂದೆ ಅರ್ಮೇನಿಯ ಮೂಲದ ವಿಲಿಯಂ ರಾಬರ್ಟ್ ಯೋವರ್ಡ್. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್. ಏಂಜಲೀನಾ ಇನ್ನೂ ಚಿಕ್ಕವರಿದ್ದಾಗಲೇ, 1879ರಲ್ಲಿ, ತಂದೆತಾಯಿಯರ ದಾಂಪತ್ಯ ಮುರಿದುಬಿತ್ತು. ಮಗಳೊಡನೆ ಬನಾರಸ್‌ಗೆ ಬಂದ ತಾಯಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲ್ಕಾ ಜಾನ್ ಎಂಬ ಹೆಸರನ್ನು ತಳೆದರು. ಮಗಳು ಗೌಹರ್ ಜಾನ್ ಆದಳು. ಸ್ವತಃ ಕವಯಿತ್ರಿಯೂ ಗಾಯಕಿಯೂ ಆಗಿದ್ದ ಮಲ್ಕಾ ಜಾನ್ ಬಹುಬೇಗ ಪ್ರಸಿದ್ಧಿಗೆ ಬಂದರು. 1883ರಲ್ಲಿ ತಾಯಿಮಗಳು ಕಲಕತ್ತೆಗೆ ತೆರಳಿದರು. ಅವಧದ ಪದಚ್ಯುತ ನವಾಬ ವಾಜಿದ್ ಅಲಿ ಷಾ ಅಲ್ಲಿನ ಮಟಿಯಾಬುರ್ಜ್‌ನಲ್ಲಿ ನೆಲೆಸಿದ್ದ ಕಾರಣ, ಉತ್ತರ ಭಾರತದ ಅನೇಕ ಸಂಗೀತಗಾರರು ಆ ನಗರವನ್ನು ಸೇರಿಕೊಂಡಿದ್ದರು.

ಸಂಗೀತ ಶಿಕ್ಷಣ

ಗೌಹರ್ ಜಾನ್ ಅವರು ಪಟಿಯಾಲದ ಕಾಲೇಖಾನರಲ್ಲಿ ಗಾಯನವನ್ನೂ, ಬಿಂದಾದೀನ್ ಮಹಾರಾಜರಲ್ಲಿ ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಶ್ರೀಜನ್‌ಬಾಯಿಯವರಿಂದ ಧ್ರುಪದ್-ಧಮಾರ್‌ಗಳನ್ನೂ, ಬೇರೆ ಗುರುಗಳಿಂದ ಬಂಗಾಳಿ ಗೀತೆ ಮತ್ತು ಕೀರ್ತನೆಗಳನ್ನೂ ಕಲಿತರು. 1887ರಲ್ಲಿ ದರ್ಭಂಗಾ ಸಂಸ್ಥಾನದಲ್ಲಿ ನೀಡಿದ ಕಾರ್ಯಕ್ರಮವನ್ನು ಇವರ ರಂಗಪ್ರವೇಶವೆಂದು ಪರಿಗಣಿಸಲಾಗಿದೆ. ಮುಂದಿನ ದಶಕದಲ್ಲಿ ಕಲಕತ್ತೆಯ ಸಿರಿವಂತರ ಮೆಹಫಿಲ್‌ಗಳಲ್ಲಿ ಇವರಿಗೆ ಅಪಾರ ಬೇಡಿಕೆಯುಂಟಾಯಿತು.

ಮೊದಲ ಧ್ವನಿಮುದ್ರಣಗಳು

ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ 1902ರ ಕೊನೆಯಲ್ಲಿ ಕಲಕತ್ತೆಗೆ ಬಂದರು. ಹೋಟೆಲಿನ ಕೋಣೆಯೊಂದನ್ನು ತಾತ್ಕಾಲಿಕ ಮುದ್ರಣಶಾಲೆಯಾಗಿ ಮಾರ್ಪಡಿಸಲಾಯಿತು. ನವೆಂಬರ್ 8ರಂದು ಶಶಿಮುಖಿ ಮತ್ತು ಫಣಿಬಾಲಾ ಎಂಬ ರಂಗಭೂಮಿಯ ತರುಣಿಯರ ಹಾಡುಗಳು ಮುದ್ರಣಗೊಂಡವು. ಕೆಲವೇ ದಿನಗಳಲ್ಲಿ, ನವೆಂಬರ್ 11ರಂದು, ಗೌಹರ್ ಜಾನ್ ಅವರ ಗಾಯನ ಮುದ್ರಿತವಾಯಿತು. ಅವರ ಆರಂಭದ ಮುದ್ರಿಕೆಗಳಲ್ಲಿ ಜೋಗಿಯಾ ರಾಗದ ಖ್ಯಾಲ್ ಹೆಸರುವಾಸಿಯಾಗಿದೆ.

ಆ ಕಾಲದಲ್ಲಿ ಧ್ವನಿಮುದ್ರಣಕ್ಕೆ ಮೈಕ್ರೋಫೋನ್ ಬಳಕೆಯಿರಲಿಲ್ಲ. ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಧ್ವನಿಯ ಕಂಪನವು ಕಹಳೆಯ ತುದಿಯ ತೆಳುಪೊರೆಯನ್ನು ಅಲುಗಿಸಿ, ಅದಕ್ಕೆ ಜೋಡಿಸಿದ ಮುಳ್ಳು ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಪ್ಪಿದರೆ ತಿದ್ದಲು ಅವಕಾಶವಿರಲಿಲ್ಲ. ಹಾಡನ್ನು ಮೊದಲಿನಿಂದ ಹಾಡಬೇಕಾಗುತ್ತಿತ್ತು. ಮೇಣದ ಮೂಲ ತಟ್ಟೆಗಳನ್ನು ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸಿ, ಅಲ್ಲಿ ಅರಗಿನ ತಟ್ಟೆಗಳನ್ನಾಗಿ ಅಚ್ಚೊತ್ತಿ ಭಾರತಕ್ಕೆ ತರಲಾಗುತ್ತಿತ್ತು. ಕಲಕತ್ತೆಯ ಸಿಯಾಲ್ದಾದಲ್ಲಿ ತಟ್ಟೆಗಳ ಕಾರ್ಖಾನೆ ಆರಂಭವಾದುದು 1908ರಲ್ಲಿ.

ಹಾಡಿನ ಅಂತ್ಯದಲ್ಲಿ ಗೌಹರ್ ಜಾನ್ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಘೋಷಿಸುತ್ತಿದ್ದರು. ಭಾರತೀಯ ಭಾಷೆಗಳನ್ನು ಅರಿಯದ ಜರ್ಮನಿಯ ಕೆಲಸಗಾರರು ಸರಿಯಾದ ತಟ್ಟೆಗೆ ಸರಿಯಾದ ಹೆಸರಿನ ಚೀಟಿ ಅಂಟಿಸಲೆಂದು ಈ ಕ್ರಮವನ್ನು ಅನುಸರಿಸಲಾಗಿತ್ತು. ಬೇರೆ ಕಲಾವಿದರೂ ಹೀಗೆ ಹೆಸರು ಹೇಳುತ್ತಿದ್ದರಾದರೂ, ಗೌಹರ್ ಜಾನ್ ಅವರ ಘೋಷಣೆ ಅವರ ಗುರುತಿನ ಮುದ್ರೆಯಾಗಿಯೇ ಉಳಿಯಿತು.

ಕಛೇರಿ ಮತ್ತು ತಟ್ಟೆ

ಮೆಹಫಿಲ್‌ನಲ್ಲಿ ರಾಗವೊಂದರ ಆಲಾಪವೇ ದೀರ್ಘಕಾಲ ನಡೆಯುತ್ತಿತ್ತು. ಠುಮ್ರಿಯ ಒಂದೇ ಸಾಲನ್ನು ಬಗೆಬಗೆಯ ಭಾವಗಳಲ್ಲಿ ಮತ್ತೆ ಮತ್ತೆ ಹಾಡಿ, ಅಭಿನಯದೊಡನೆ ಬೆಳೆಸುವುದು ವಾಡಿಕೆ. ಕೇಳುಗರ ಮೆಚ್ಚುಗೆಯನ್ನು ಅನುಸರಿಸಿ ಹಾಡು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ತಟ್ಟೆಯಲ್ಲಿ ಈ ಯಾವುದಕ್ಕೂ ಎಡೆಯಿರಲಿಲ್ಲ. ಆದುದರಿಂದ ಆಲಾಪವನ್ನು ಬಹಳ ಕಿರಿದುಗೊಳಿಸಿ, ಹಾಡನ್ನು ನೇರವಾಗಿ ಆರಂಭಿಸಿ, ರಾಗದ ಸ್ವರೂಪವನ್ನು ಕೆಲವೇ ಸಂಚಾರಗಳಲ್ಲಿ ತೋರಿಸಿ, ಚುರುಕಾದ ತಾನ್‌ಗಳೊಡನೆ ಮುಗಿಸುವ ಪದ್ಧತಿ ಬೆಳೆಯಿತು. ಇಂದು ದೊರೆಯುವ ಅವರ ಮುದ್ರಿಕೆಗಳನ್ನು ಈ ಮಿತಿಯ ಹಿನ್ನೆಲೆಯಲ್ಲಿ ಕೇಳಬೇಕಾಗುತ್ತದೆ. ಅವು ಅವರ ಕಛೇರಿಯ ಪೂರ್ಣ ಚಿತ್ರವಲ್ಲ.

ಅನೇಕ ಉಸ್ತಾದರು ಯಂತ್ರಕ್ಕೆ ಹಾಡಲು ಹಿಂಜರಿದರು. ವಿದ್ಯೆ ಬೀದಿಪಾಲಾಗುವುದೆಂಬ ಅಳುಕೂ, ಯಂತ್ರವು ಕಂಠವನ್ನು ಕಸಿಯುವುದೆಂಬ ಭಯವೂ ಆಗ ಇದ್ದವು. ಈ ಹೊಸ ಮಾಧ್ಯಮವನ್ನು ಧೈರ್ಯದಿಂದ ಮೊದಲು ಬಳಸಿಕೊಂಡವರಲ್ಲಿ ಬಹುಪಾಲು ಮಂದಿ ವೃತ್ತಿಗಾಯಕಿಯರು. ಸಮಾಜವು ಅವರ ಕಲೆಯನ್ನು ಮೆಚ್ಚಿದರೂ ಅವರಿಗೆ ಸಮಾನ ಗೌರವ ನೀಡುತ್ತಿರಲಿಲ್ಲ. ಮೆಹಫಿಲ್‌ಗೆ ಕಾಲಿಡಲಾಗದ ಸಾಮಾನ್ಯರ ಮನೆಗಳಿಗೂ ಹೆಂಗಸರ ಒಳಕೋಣೆಗಳಿಗೂ ಅವರ ಸಂಗೀತವನ್ನು ತಟ್ಟೆಗಳು ತಲುಪಿಸಿದವು.

ಗೌಹರ್ ಜಾನ್ ಅವರು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಮುದ್ರಿಕೆಗಳನ್ನು ನೀಡಿದರೆಂದು ಹೇಳಲಾಗುತ್ತದೆ. ಅವರ ಭಾವಚಿತ್ರ ಅಂಚೆ ಕಾರ್ಡುಗಳ ಮೇಲೂ, ಆಸ್ಟ್ರಿಯದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಅಚ್ಚಾಯಿತು. 1910ರಲ್ಲಿ ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಹಾಡಿದರು. 1911ರ ಡಿಸೆಂಬರ್‌ನಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿಬಾಯಿಯವರೊಡನೆ ಯುಗಳ ಗಾಯನ ನಡೆಸಿದರು. ಸ್ವರಾಜ್ಯ ನಿಧಿಗಾಗಿ ಕಛೇರಿ ನಡೆಸಲು ಗಾಂಧೀಜಿ ಕೇಳಿಕೊಂಡಾಗ, ಅವರು ಸ್ವತಃ ಬಂದು ಕೇಳಬೇಕೆಂದು ಷರತ್ತು ಹಾಕಿದರೆಂದೂ, ಗಾಂಧೀಜಿ ಬರಲಾಗದಿದ್ದಾಗ ಸಂಗ್ರಹವಾದ ಹಣದಲ್ಲಿ ಅರ್ಧವನ್ನು ಮಾತ್ರ ನೀಡಿದರೆಂದೂ ಒಂದು ಪ್ರಸಂಗ ಪ್ರಚಾರದಲ್ಲಿದೆ.

ಸಂಕಷ್ಟದ ವರ್ಷಗಳು

ತಾಯಿ ಮಲ್ಕಾ ಜಾನ್ 1906ರಲ್ಲಿ ತೀರಿಕೊಂಡರು. ಆ ಬಳಿಕ ಆಸ್ತಿಯ ಹಕ್ಕಿನ ಬಗ್ಗೆ ದಾವೆ ಎದುರಾಯಿತು. ಮುಂದೆ ವೈವಾಹಿಕ ಜೀವನವೂ ನ್ಯಾಯಾಲಯದ ಮೆಟ್ಟಿಲೇರಿತು. ವೈಭವದ ಉಡುಗೆತೊಡುಗೆಗಳಿಗೂ ಧಾರಾಳದ ಖರ್ಚಿಗೂ ಹೆಸರಾಗಿದ್ದ ಅವರ ಸಂಪತ್ತಿನ ಬಹುಭಾಗ ಹೀಗೆ ಕರಗಿಹೋಯಿತು. ತಟ್ಟೆಗಳು ಮಾರಾಟವಾಗುತ್ತಲೇ ಇದ್ದರೂ ಹಾಡಿದವರ ಮುಪ್ಪಿಗೆ ಅವು ಆಸರೆಯಾಗಲಿಲ್ಲ. ಕಲಕತ್ತೆಯನ್ನು ತೊರೆದು ಅವರು ಊರಿಂದೂರಿಗೆ ಅಲೆಯಬೇಕಾಯಿತು.

ಮೈಸೂರಿನಲ್ಲಿ

ಅಂದಿನ ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಕರ್ನಾಟಕ, ಹಿಂದುಸ್ತಾನಿ ಹಾಗೂ ಪಾಶ್ಚಾತ್ಯ ಸಂಗೀತ ಮೂರಕ್ಕೂ ಆಶ್ರಯ ನೀಡಿದ್ದರು. ಆಗ್ರಾ ಘರಾಣೆಯ ಫಯಾಜ್ ಖಾನರಿಗೆ ಅಫ್ತಾಬ್-ಎ-ಮೌಸಿಕಿ ಎಂಬ ಬಿರುದು ದೊರೆತುದು ಇದೇ ಆಸ್ಥಾನದಿಂದ. ಒಡೆಯರ ಆಹ್ವಾನದಂತೆ ಮೈಸೂರಿಗೆ ಬಂದ ಗೌಹರ್ ಜಾನ್ ಅವರು 1928ರ ಆಗಸ್ಟ್ 1ರಂದು ಅರಮನೆಯ ಸಂಗೀತ ವಿದುಷಿಯಾಗಿ ನೇಮಕಗೊಂಡರು. ವಾಸಕ್ಕೆ ದಿಲ್‌ಖುಷ್ ಕಾಟೇಜ್ ಎಂಬ ಮನೆಯನ್ನು ಒದಗಿಸಲಾಯಿತು. ಅಷ್ಟರಲ್ಲಿ ಅವರ ಆರೋಗ್ಯ ಹದಗೆಟ್ಟಿತ್ತು. ಸುಮಾರು ಒಂದೂವರೆ ವರ್ಷದ ಬಳಿಕ, 1930ರ ಜನವರಿ 17ರಂದು, ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 56 ವರ್ಷ ವಯಸ್ಸಾಗಿತ್ತು.

ಸ್ಮರಣೆ

ಗೌಹರ್ ಜಾನ್ ಅವರ ಹೆಸರು ಬಹುಕಾಲ ಹಳೆಯ ತಟ್ಟೆಗಳ ಸಂಗ್ರಾಹಕರ ವಲಯದಲ್ಲಿ ಮಾತ್ರ ಉಳಿದಿತ್ತು. ಬೆಂಗಳೂರಿನ ಇತಿಹಾಸಕಾರ ವಿಕ್ರಮ್ ಸಂಪತ್ ಅವರು ಬರೆದ ಇಂಗ್ಲಿಷ್ ಜೀವನಚರಿತ್ರೆ 2010ರಲ್ಲಿ ಪ್ರಕಟವಾಯಿತು. ಈ ಕೃತಿಗೆ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಸಂದಿದೆ. 2018ರ ಜೂನ್ 26ರಂದು, ಅವರ 145ನೆಯ ಜನ್ಮದಿನದ ಸಂದರ್ಭದಲ್ಲಿ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನು ಪ್ರಕಟಿಸಿತು. ಅವರ ಅನೇಕ ಮುದ್ರಿಕೆಗಳು ಈಗ ಡಿಜಿಟಲ್ ರೂಪದಲ್ಲಿ ಲಭ್ಯವಿವೆ.