ರಾಜ್ಯ ಕೈಬಿಟ್ಟರೂ ಆಟ ಬಿಡದ ದೊರೆ: ಮುಮ್ಮಡಿ ಕೃಷ್ಣರಾಜ ಒಡೆಯರ್

ಬೆಳಿಗ್ಗೆ ಹೆಬ್ಬಾಳದಿಂದ ಯಲಹಂಕದ ಕಡೆ ಬರೋ ಯಾವ ಬಸ್ ಹತ್ತಿದರೂ ಒಂದು ದೃಶ್ಯ ಗ್ಯಾರಂಟಿ. ನಮ್ಮಂಥ ವಿದ್ಯಾರ್ಥಿಗಳು ಮಾತ್ರ ಅಲ್ಲ, ಕೊರಳಲ್ಲಿ ಐಡಿ ಕಾರ್ಡ್ ಹಾಕಿರೋ ಆಫೀಸಿನವರು, ತಲೆ ನರೆತ ಅಂಕಲ್‌ಗಳು, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಕೆಲಸಕ್ಕೆ ಹೊರಟ ಅಮ್ಮಂದಿರು, ಎಲ್ಲರ ಕೈಯಲ್ಲೂ ಫೋನ್, ಫೋನಲ್ಲಿ ಲೂಡೋನೋ ಚೆಸ್ಸೋ. ಪಕ್ಕದವರು ಇಣುಕಿದರೆ ಕೆಲವರು ನಾಚಿಕೊಂಡು ಸ್ಕ್ರೀನ್ ಆಫ್ ಮಾಡ್ತಾರೆ. ದೊಡ್ಡವರಾದ ಮೇಲೆ ಆಟ ಆಡೋದು ಕೆಲಸ ಇಲ್ಲದವರ ಕೆಲಸ ಅನ್ನೋ ಮಾತು ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಆದರೆ ತಲೆ ಮೇಲೆ ಬೆಟ್ಟದಷ್ಟು ಚಿಂತೆ ಇದ್ದೂ, ಎಪ್ಪತ್ತು ದಾಟುವವರೆಗೆ ಬದುಕಿ, ಆಟವನ್ನು ಪುಸ್ತಕಕ್ಕೂ ಗೋಡೆಗೂ ಏರಿಸಿ ಹೋದ ಒಬ್ಬರು ನಮ್ಮ ನಾಡಿನಲ್ಲೇ ಇದ್ದರು. ಈ ಸಲದ ವ್ಯಕ್ತಿ ಪರಿಚಯ ಅವರದ್ದು, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದಾಗ ಈಸ್ಟ್ ಇಂಡಿಯಾ ಕಂಪನಿ ಮೈಸೂರನ್ನು ಹಂಚಿಕೊಂಡು, ಉಳಿದ ಭಾಗಕ್ಕೆ ಒಡೆಯರ ಮನೆತನವನ್ನು ಮತ್ತೆ ತಂದಿತು. ಜೂನ್ 30ರಂದು ಪಟ್ಟಕ್ಕೆ ಕೂತ ಹುಡುಗನಿಗೆ ಇನ್ನೂ ಐದು ವರ್ಷವೂ ತುಂಬಿರಲಿಲ್ಲ. ನಮ್ಮಲ್ಲಿ ಎಲ್‌ಕೆಜಿಗೆ ಕಳಿಸೋ ವಯಸ್ಸು ಅದು! ಆ ಪಟ್ಟದ ಜೊತೆಗೆ ಒಂದು ಕರಾರೂ ಬಂತು. ಕಂಪನಿಯ ಸೈನ್ಯದ ಖರ್ಚಿಗೆ ಅಂತ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕು, ತಪ್ಪಿದರೆ ಆಡಳಿತವನ್ನು ಕಂಪನಿಯೇ ವಹಿಸಿಕೊಳ್ಳಬಹುದು.

ಮುಂದಿನ ಹತ್ತು ಹನ್ನೊಂದು ವರ್ಷ ದಿವಾನ್ ಪೂರ್ಣಯ್ಯನವರೇ ರಾಜ್ಯ ನಡೆಸಿದರು. ಅವರು ಬಿಟ್ಟ ಮೇಲೆ, 1811ರ ಹೊತ್ತಿಗೆ, ಅಧಿಕಾರ ಹುಡುಗ ದೊರೆಯ ಕೈಗೆ ಬಂತು. ವಯಸ್ಸಿನಲ್ಲಿ ನಮಗಿಂತ ಎರಡು ಮೂರು ವರ್ಷ ಚಿಕ್ಕವರು. ನಂತರದ ಇಪ್ಪತ್ತು ವರ್ಷದ ಆಡಳಿತ ಬಹಳ ಚೆನ್ನಾಗಿತ್ತು ಅಂತ ನಾವು ಹೇಳೋಕೆ ಹೋಗಲ್ಲ. ಖಜಾನೆ ಕರಗಿತು, ಸಾಲ ಬೆಳೀತು, ಕಂದಾಯದ ಕಾಟಕ್ಕೆ ರೈತರು ರೋಸಿಹೋದರು. 1830ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆ ಎದ್ದರು. ಇದನ್ನೇ ಮುಂದಿಟ್ಟುಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಹಳೇ ಕರಾರನ್ನು ತೆಗೆದು, ಆಡಳಿತವನ್ನು ಕಿತ್ತುಕೊಂಡ. ಮಹಾರಾಜರು ಅರಮನೆಯಲ್ಲೇ ಇರಬಹುದು, ಬಿರುದು ಇರುತ್ತೆ, ಖರ್ಚಿಗೆ ಹಣವೂ ಬರುತ್ತೆ, ಆದರೆ ರಾಜ್ಯ ಅವರ ಮಾತು ಕೇಳಲ್ಲ. ಆಗ ಅವರಿಗೆ ಮೂವತ್ತೇಳು ವರ್ಷ.

ಇಲ್ಲಿಂದ ಬೆಂಗಳೂರಿನ ಕಥೆಯೂ ಶುರುವಾಗುತ್ತೆ. ಕಮಿಷನರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ರಾಜ್ಯ ನಡೆಸಿದ್ದು ಬೆಂಗಳೂರಿನಿಂದ. ನಾವು ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ನಲ್ಲಿ ಇಳಿಯುವಾಗ ಹೇಳೋದು, ಮುಮ್ಮಡಿಯವರ ಕುರ್ಚಿಯ ಕೆಲಸವನ್ನು ಇಪ್ಪತ್ತೇಳು ವರ್ಷ ಮಾಡಿದ ಅಧಿಕಾರಿಯ ಹೆಸರನ್ನು.

ಹಾಗಾದರೆ ಮೈಸೂರಿನಲ್ಲಿ ಮಹಾರಾಜರು ಏನು ಮಾಡ್ತಿದ್ದರು? ಎರಡು ಕೆಲಸ. ಒಂದು, ರಾಜ್ಯ ವಾಪಸ್ ಕೇಳೋದು. ಇನ್ನೊಂದು, ಆಟ.

ಆಟ ಅಂದರೆ ಸುಮ್ಮನೆ ಹೊತ್ತು ಕಳೆಯೋದಲ್ಲ. ಚದುರಂಗ, ಪಗಡೆ, ಗಂಜೀಫಾ ಹೀಗೆ ಆಗಿನ ಆಟಗಳನ್ನೆಲ್ಲ ಅವರು ಒಂದು ಶಾಸ್ತ್ರದ ಹಾಗೆ ಹಿಡಿದರು. ಅವರ ಹೆಸರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಅನ್ನೋ ದೊಡ್ಡ ಸಚಿತ್ರ ಗ್ರಂಥಕ್ಕೆ ಒಂಬತ್ತು ನಿಧಿಗಳು, ಅಂದರೆ ಒಂಬತ್ತು ಭಾಗಗಳು. ಮೊದಲ ಭಾಗಗಳಲ್ಲಿ ದೇವಾನುದೇವತೆಗಳ ರೂಪಗಳಿವೆ. ಕೊನೆಯದು ಕೌತುಕನಿಧಿ. ಅದರಲ್ಲಿ ಆಟಗಳಿಗೂ ಜಾಗ ಇದೆ, 122 ಯೋಗಾಸನಗಳ ಚಿತ್ರಗಳಿಗೂ ಇದೆ. ಶಕ್ತಿ, ವಿಷ್ಣು, ಶಿವ ಇರೋ ಗ್ರಂಥದಲ್ಲೇ ಇಸ್ಪೀಟಿಗೂ ಪುಟ ಕೊಟ್ಟಿದ್ದು ನಮಗೆ ಬಹಳ ಹಿಡಿಸಿತು.

ಗಂಜೀಫಾ ಅಂದರೆ ನಮ್ಮ ಹಳೇ ಇಸ್ಪೀಟು. ಎಲೆಗಳು ದುಂಡಗೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು, ಒಂದೊಂದರ ಮೇಲೂ ಕೈಯಲ್ಲಿ ಬರೆದ ಚಿತ್ರ. ಆಟ ಮುಗಿದ ಮೇಲೆ ಮರದ ಪೆಟ್ಟಿಗೆಗೆ ಹಾಕಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಆ ಕಾಲದ ಕೈ ಗೇಮ್ ಇದೇ ಅನ್ನಬಹುದು. ಸಾಮಾನ್ಯ ದಶಾವತಾರ ಗಂಜೀಫಾದಲ್ಲಿ 120 ಎಲೆ ಇರುತ್ತವೆ. ಮುಮ್ಮಡಿಯವರು ಅಷ್ಟಕ್ಕೆ ನಿಲ್ಲಲಿಲ್ಲ. ಅವರ ಗ್ರಂಥದಲ್ಲಿ ಬರೋದು ಹದಿಮೂರು ಬಗೆಯ ಆಟಗಳು, ಚಿಕ್ಕದಕ್ಕೆ 36 ಎಲೆ, ಅತಿ ದೊಡ್ಡದಕ್ಕೆ 360. ಮುನ್ನೂರ ಅರವತ್ತು ಎಲೆಯ ಆಟದಲ್ಲಿ ಯಾರು ಯಾವುದನ್ನು ಇಳಿಸಿದರು ಅಂತ ನೆನಪಿಟ್ಟುಕೊಳ್ಳೋದು ಎಂಥ ತಲೆಗಾದರೂ ಕಸರತ್ತೇ.

ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಇನ್ನೂ ಹತ್ತಿರ ಆಗೋದು ಅವರ ಚದುರಂಗದ ಕುದುರೆ. ಅಲ್ಗಾರಿದಮ್ ಕ್ಲಾಸಲ್ಲಿ ಬ್ಯಾಕ್‌ಟ್ರ್ಯಾಕಿಂಗ್ ಬಂದಾಗ ನೈಟ್ಸ್ ಟೂರ್ ಅನ್ನೋ ಹೆಸರು ಕೇಳಿರ್ತೀರಿ. ಕುದುರೆ ತನ್ನ ನಡೆಯಲ್ಲೇ ಓಡುತ್ತಾ 64 ಮನೆಯನ್ನೂ ಒಂದೊಂದು ಸಲ ಮಾತ್ರ ಮುಟ್ಟಬೇಕು. ಗ್ರಾಫ್ ಥಿಯರಿಯ ಭಾಷೆಯಲ್ಲಿ ಅದು ಹ್ಯಾಮಿಲ್ಟನ್ ಪಾತ್. ಆಯ್ಲರ್ ಇದರ ಮೇಲೆ 1759ರಲ್ಲಿ ಲೇಖನ ಬರೆದ. ಆದರೆ ಅದಕ್ಕೆ ಸುಮಾರು ಒಂಬತ್ತು ಶತಮಾನ ಮೊದಲೇ ರುದ್ರಟ ಅನ್ನೋ ಕಾಶ್ಮೀರದ ಅಲಂಕಾರಿಕ, ಕುದುರೆ ನಡೆಯಲ್ಲಿ ಅಕ್ಷರ ಜೋಡಿಸಿ ಓದುವ ಶ್ಲೋಕವನ್ನೇ ಕಟ್ಟಿದ್ದ. ಮುಮ್ಮಡಿಯವರು ಈ ಹಳೇ ದಾರಿಯಲ್ಲೇ ನಡೆದು ತಮ್ಮ ಕುದುರೆ ಓಟಗಳನ್ನು ರಚಿಸಿದರು.

ಅವರು ಇನ್ನೂ ಕಷ್ಟದ್ದಕ್ಕೂ ಕೈ ಹಾಕಿದರು. ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1, 2, 3 ಅಂತ ನಂಬರ್ ಹಾಕುತ್ತಾ ಹೋಗಿ, ಕೊನೆಗೆ ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ ಒಂದೇ ಮೊತ್ತ ಕೊಡಬೇಕು. ಎಂಟೆಂಟರ ಮಣೆಯಲ್ಲಿ ಆ ಮೊತ್ತ 260. ಹನ್ನೆರಡು ಹನ್ನೆರಡರ ಮಣೆಯಲ್ಲಿ 870. ಆ ದೊಡ್ಡ ಮಣೆಯ ಮೇಲೂ ಅವರು ಇಂಥ ಓಟ ಕಟ್ಟಿದ್ದಾರೆ. 144 ಮನೆ, ಕ್ಯಾಲ್ಕುಲೇಟರ್ ಇಲ್ಲ, ಕೋಡ್ ಇಲ್ಲ. ಎಂಟೆಂಟರ ಮಣೆಯಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಎರಡು ಓರೆಸಾಲೂ 260 ಆಗೋ ಓಟ ಸಾಧ್ಯವೇ ಇಲ್ಲ ಅಂತ ತೀರ್ಮಾನ ಆಗಿದ್ದು 2003ರಲ್ಲಿ, ಅದೂ ಕಂಪ್ಯೂಟರ್‌ಗಳನ್ನು ದಿನಗಟ್ಟಲೆ ಓಡಿಸಿದ ಮೇಲೆ.

ಈಗ ಮೊದಲನೇ ಕೆಲಸಕ್ಕೆ ಬರೋಣ. ಆಟದಲ್ಲಿ ಮುಳುಗಿದ ದೊರೆ ರಾಜ್ಯ ಮರೆತರು ಅಂತ ಅಂದುಕೊಂಡರೆ ಅದು ತಪ್ಪು. 1834ರಲ್ಲಿ ಬೆಂಟಿಂಕೇ ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣ ಅಂತ ಸಲಹೆ ಕೊಟ್ಟ, ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಮಹಾರಾಜರು ಬಿಡಲಿಲ್ಲ. 1844ರಲ್ಲಿ ಹಾರ್ಡಿಂಜ್‌ಗೆ ಬರೆದರು, 1861ರಲ್ಲಿ ಕ್ಯಾನಿಂಗ್‌ಗೆ ಬರೆದರು, ಆಮೇಲೆ ಲಾರೆನ್ಸ್‌ಗೂ ಬರೆದರು. ಗವರ್ನರ್ ಜನರಲ್‌ಗಳು ಬದಲಾದರು, ಉತ್ತರ ಬದಲಾಗಲಿಲ್ಲ. ಮಧ್ಯೆ 1833ರಲ್ಲಿ ಮೈಸೂರಿನಲ್ಲಿ ಒಂದು ಉಚಿತ ಇಂಗ್ಲಿಷ್ ಶಾಲೆಯನ್ನೂ ತೆರೆದರು. ಅದೇ ಬೆಳೆದು ಮಹಾರಾಜಾ ಕಾಲೇಜು ಆಯಿತು.

ಕೊನೆಗೆ ಉಳಿದದ್ದು ದೊಡ್ಡ ಭಯ. ಪಟ್ಟಕ್ಕೆ ಬರುವ ಮಗ ಇಲ್ಲ, ಮಹಾರಾಜರು ಕಣ್ಣು ಮುಚ್ಚಿದರೆ ಮೈಸೂರನ್ನು ನುಂಗಿಬಿಡಬಹುದು ಅನ್ನೋ ಯೋಚನೆ ಡಾಲ್‌ಹೌಸಿಯ ಕಾಲದಿಂದಲೇ ಬ್ರಿಟಿಷರಲ್ಲಿತ್ತು. 1865ರಲ್ಲಿ, ಎಪ್ಪತ್ತರ ವಯಸ್ಸಲ್ಲಿ, ಅವರು ಎರಡೂವರೆ ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತಗೊಂಡರು. ಸರ್ಕಾರ ಮೊದಲು ದತ್ತನ್ನು ಒಪ್ಪಲಿಲ್ಲ. ಇವರ ಪರವಾಗಿ ಲಂಡನ್ನಿನವರೆಗೂ ವಾದ ನಡೆದು, 1867ರಲ್ಲಿ ಒಪ್ಪಿಗೆ ಸಿಕ್ಕಿತು. 1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ರಾಜ್ಯ ಮರಳಿ ಕೈಗೆ ಬಂದದ್ದನ್ನು ಅವರು ನೋಡಲಿಲ್ಲ. 1881ರ ಮಾರ್ಚ್‌ನಲ್ಲಿ ಅದು ಬಂದದ್ದು ಆ ದತ್ತುಪುತ್ರನಿಗೆ. ನಾವಿವತ್ತು ನಾಲ್ವಡಿಯವರನ್ನು ನೆನೆಯುತ್ತೇವಲ್ಲ, ಅವರು ಈ ಚಾಮರಾಜೇಂದ್ರರ ಮಗ. ಮುದುಕ ದೊರೆ ಆ ಎರಡು ವರ್ಷ ಸೋತು ಕೈಚೆಲ್ಲಿದ್ದರೆ ಮುಂದಿನ ಮೈಸೂರೇ ಬೇರೆ ಥರ ಇರ್ತಿತ್ತು.

ಮೂವತ್ತಾರು ವರ್ಷ ಬರೀ ಇಲ್ಲ ಅನ್ನೋ ಉತ್ತರ ಕೇಳಿಯೂ ಒಬ್ಬ ಮನುಷ್ಯ ಕಹಿಯಾಗದೇ, ಸುಸ್ತಾಗದೇ ಇರೋದು ಹೇಗೆ? ನಮಗೆ ತೋಚೋದು ಇಷ್ಟು. ಹೊರಗಿನ ಆಟದ ನಿಯಮ ಅವರ ಕೈಯಲ್ಲಿರಲಿಲ್ಲ, ಯಾವಾಗ ಬೇಕಾದರೂ ಬದಲಾಗುತ್ತಿತ್ತು. ಮಣೆಯ ಮೇಲೆ ಮಾತ್ರ ಕುದುರೆ ಯಾವತ್ತೂ ಎರಡೂವರೆ ಮನೆಯೇ, ಅಲ್ಲಿ ಬುದ್ಧಿಗೆ ತಕ್ಕ ಫಲ ಸಿಗುತ್ತಿತ್ತು. ಆಟ ಅವರನ್ನು ಕೆಲಸದಿಂದ ದೂರ ಒಯ್ಯಲಿಲ್ಲ, ಮರುದಿನ ಇನ್ನೊಂದು ಅರ್ಜಿ ಬರೆಯುವಷ್ಟು ತಲೆಯನ್ನು ಚುರುಕಾಗಿ ಇಟ್ಟಿತು. ಫೋನಿನ ಗೇಮ್ ಎಲ್ಲವೂ ಹೀಗೆ ಅಂತ ನಾವು ವಾದ ಮಾಡಲ್ಲ. ಆಡಿ ಎದ್ದ ಮೇಲೆ ಬಾಕಿ ಅಸೈನ್‌ಮೆಂಟ್ ಬರೆಯೋಕೆ ಮನಸ್ಸು ಬರುತ್ತಾ ಇಲ್ಲವಾ ಅಂತ ಅವರವರೇ ನೋಡಿಕೊಂಡರೆ ಸಾಕು.

ಮೈಸೂರಿಗೆ ಹೋದಾಗ ದೊಡ್ಡ ಅರಮನೆ ನೋಡಿ ವಾಪಸ್ ಬರಬೇಡಿ. ಪಕ್ಕದಲ್ಲೇ ಜಗನ್ಮೋಹನ ಅರಮನೆ ಇದೆ, ಮುಮ್ಮಡಿಯವರ ಕಾಲದಲ್ಲೇ, 1861ರಲ್ಲಿ ಕಟ್ಟಿದ್ದು. ಅದರ ರಂಗಮಹಲಿನ ಗೋಡೆಗಳ ಮೇಲೆ ಅವರ ಆಟದ ಮಣೆಗಳ ಚಿತ್ರಗಳಿವೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ: ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಎಂಟೆಂಟರ ಮಣೆ ಬರೆದು ಮೂಲೆಯಿಂದ ಕುದುರೆ ಓಡಿಸಿ. ಒಂದು ಸುಳಿವು ಕೊಡ್ತೀವಿ. ಮುಂದೆ ಹೋಗೋಕೆ ಅತಿ ಕಡಿಮೆ ದಾರಿ ಇರೋ ಮನೆಗೇ ಮೊದಲು ಹೋಗಿ. 64 ಮುಟ್ಟಿದವರು ಸಂಘದ ಕೋಣೆಗೆ ಬಂದು ತೋರಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.